ಎಸ್‌ಇಲಿನಕ್ಸ್ ಎನ್‌ಫೋರ್ಸಿಂಗ್ ಇದ್ರೂ ಬೇರೆಯವ್ರ ಪಾಸ್‌ವರ್ಡ್ ಬದಲಾಗೋದ್ಯಾಕೆ?

ಸಾಗರದ ಲ್ಯಾಬ್ ಸರ್ವರಲ್ಲಿ ಎಸ್‌ಇಲಿನಕ್ಸ್ (ಯಾರು ಏನು ಮುಟ್ಬೋದು ಅಂತ ಕಾಯೋ ಲಿನಕ್ಸಿನ ಭದ್ರತಾ ವ್ಯವಸ್ಥೆ) ಎನ್‌ಫೋರ್ಸಿಂಗ್, ಅಂದ್ರೆ ನಿಯಮ ಮೀರಿದ್ರೆ ತಡೆಯೋ ಮೋಡಲ್ಲೇ ಇದೆ, ಆದ್ರೂ ಕಮ್ಮಿ ಅಧಿಕಾರದ ರೋಲ್ ಕೊಟ್ಟ ರೂಟ್ (ಅಡ್ಮಿನ್ ಯೂಸರ್) ಯಾರ ಪಾಸ್‌ವರ್ಡ್ ಬೇಕಾದ್ರೂ ಬದಲಾಯಿಸ್ತಾನೆ, ಪಾಸ್‌ವರ್ಡ್ ಕಮಾಂಡನ್ನ ಸೋರ್ಸಿಂದ ಬಿಲ್ಡ್ ಮಾಡಿ ಹಾಕಿದ್ಮೇಲೆ ಹಿಂಗಾಗಿದೆ ಅಂತ ಕೇಳಿದ್ರಲ್ಲ, ಎಸ್‌ಇಲಿನಕ್ಸ್ ಪಾಲಿಸಿ (ನಿಯಮಗಳ ಪಟ್ಟಿ) ತಿದ್ದೋಕೆ ಹೋಗ್ಬೇಡಿ ಮಾರಾಯ್ರೆ, ತಪ್ಪು ಆ ಬಿಲ್ಡಲ್ಲೇ ಇರೋ ಹಂಗಿದೆ.

ಪಾಸ್‌ವರ್ಡ್ ಕಮಾಂಡ್ ಶುರುವಾದ ಕೂಡ್ಲೆ ಪ್ರೋಸೆಸ್ಸು ತನ್ನದೇ ಡೊಮೈನಿಗೆ (ಎಸ್‌ಇಲಿನಕ್ಸ್ ಪ್ರೋಸೆಸ್ಸಿಗೆ ಕೊಡೋ ಗುಂಪು) ಹೋಗತ್ತೆ, ಆ ಡೊಮೈನಿಗೆ ಎಲ್ರ ಪಾಸ್‌ವರ್ಡ್ ಹ್ಯಾಶ್ ಇರೋ ಶ್ಯಾಡೋ ಫೈಲ್ ಬರೆಯೋ ಪರ್ಮಿಷನ್ ಇದ್ದೇ ಇರತ್ತೆ. ಕರ್ನಲ್ (ಲಿನಕ್ಸಿನ ತಿರುಳು) ನೋಡೋದು ಅಷ್ಟೇ, ಒಳಗೆ ಬದಲಾಗ್ತಿರೋ ಸಾಲು ಯಾರದ್ದು ಅಂತ ಅದಕ್ಕೆ ಗೊತ್ತಾಗಲ್ಲ, ಆಗುಂಬೆ ಚೆಕ್‌ಪೋಸ್ಟಲ್ಲಿ ಲಾರಿ ನಂಬರ್ ನೋಡಿ ಬಿಟ್ಟಂಗೆ. ಹಂಗಾಗಿ ಯುಐಡಿ 0 (ಅಂದ್ರೆ ರೂಟ್) ಇದ್ರೂ, ಕರೆದವನ ಹಿಂದಿನ ಕಾಂಟೆಕ್ಸ್ಟ್ (ಅವನ ರೋಲ್, ಡೊಮೈನ್ ಹೇಳೋ ಗುರುತು) ಹಿಡ್ಕೊಂಡು 'ಇವ್ನಿಗೆ ಬಿಡ್ಬೋದಾ' ಅಂತ ಪಾಲಿಸಿನ ಕೇಳೋ ಕೆಲ್ಸ ಟೂಲಿನದ್ದೇ. ಹಂಗೆ ಕೇಳೋಕೆ ಬೇಕಾದ ಲೈಬ್ರರಿ ಲಿಬ್‌ಎಸ್‌ಇಲಿನಕ್ಸ್ ಇಲ್ದೆ ಬಿಲ್ಡ್ ಆಗಿದ್ರೆ ಕೇಳೋರೇ ಇಲ್ಲ.

ಎಲ್‌ಡಿಡಿ (ಬೈನರಿ ಯಾವ ಲೈಬ್ರರಿ ಬಳಸತ್ತೆ ಅಂತ ತೋರಿಸೋ ಕಮಾಂಡ್) ಹಾಕಿ ನೋಡಿ, ಆ ಲೈಬ್ರರಿ ಕಾಣ್ದಿದ್ರೆ ಅದೇ. ಇನ್ನೊಂದು, ನೀವು ಹಳೇ ಬೈನರಿ ಮೇಲೇನೇ ಓವರ್‌ರೈಟ್ ಮಾಡಿರ್ತೀರಿ ಅನ್ಸತ್ತೆ, ಡೊಮೈನ್ ಬದಲಾಗೋಕೆ ಕಾರಣವಾಗೋ ಎಸ್‌ಇಲಿನಕ್ಸ್ ಲೇಬಲ್ ಹಂಗೇ ಉಳ್ಕೊಂಡಿದೆ, ಯೂಸರ್ ಲೋಕಲ್ ಬಿನ್ನಲ್ಲಿ ಇಟ್ಟಿದ್ರೆ ಡೊಮೈನ್ ಬದಲಾಗ್ದೆ ಆ ರೋಲಿಗೆ ಕರ್ನಲ್ಲೇ ತಡೀತಿತ್ತು!

ಡಿಸ್ಟ್ರೋ ಪ್ಯಾಕೇಜ್ ರೀಇನ್‌ಸ್ಟಾಲ್ ಮಾಡಿ, ಆ ಬೈನರಿಗೂ ಶ್ಯಾಡೋ ಫೈಲಿಗೂ ರೀಸ್ಟೋರ್‌ಕಾನ್ (ಸರಿಯಾದ ಲೇಬಲ್ ವಾಪಸ್ ಹಾಕೋ ಕಮಾಂಡ್) ಹೊಡೀರಿ. ಯೂಸರ್ ಹೆಸರಿನ ವಿವರ ಬದಲಾಯಿಸೋ ಸಿಎಚ್‌ಎಫ್‌ಎನ್, ಶೆಲ್ ಬದಲಾಯಿಸೋ ಸಿಎಚ್‌ಎಸ್‌ಎಚ್ ಕೂಡ ನೋಡ್ಕಳಿ, ಅವಕ್ಕೂ ಇದೇ ಕಥೆ. ಆಮೇಲೆ ಅದೇ ರೋಲಿಂದ ಟ್ರೈ ಮಾಡಿದ್ರೆ ಆಡಿಟ್ ಲಾಗಲ್ಲಿ ಯೂಸರ್ ಎವಿಸಿ ಡಿನೈಡ್ (ಟೂಲು ಕೇಳಿದ್ದಕ್ಕೆ ಪಾಲಿಸಿ ಬೇಡ ಅಂದಿದ್ದು) ಅಂತ ಬರ್ಬೇಕು, ಬರ್ಲಿಲ್ಲ ಅಂದ್ರೆ ಎಲ್‌ಡಿಡಿ ಔಟ್‌ಪುಟ್ ಇಲ್ಲೇ ಹಾಕಿ.