ಕಲ್ಚರ್ ರಿಪೋರ್ಟ್ ಬಂದ ಮೇಲೆ ಮಾತ್ರೆ ಬದಲಾಯಿಸಿದರೆ, ಮೊದಲು ಕೊಟ್ಟಿದ್ದು ತಪ್ಪಾ?

ಮೂತ್ರದ ಇನ್‌ಫೆಕ್ಷನ್‌ಗೆ ಡಾಕ್ಟರ್ ಒಂದು ಆ್ಯಂಟಿಬಯೋಟಿಕ್ ಕೊಟ್ಟರು, ಮೂರನೇ ದಿನ ಕಲ್ಚರ್ ರಿಪೋರ್ಟ್ ನೋಡಿ ಬೇರೆ ಬರೆದರು, ಹಾಗಾದರೆ ಮೊದಲನೆಯದು ತಪ್ಪಾ ಅಂತ ಕೇಳಿದ್ದೀರಿ. ತಪ್ಪಲ್ಲ. ನಾನು ಕಲ್ಚರ್ ಮಾಡುವ ಲ್ಯಾಬ್‌ನಲ್ಲೇ ಕೆಲಸ ಮಾಡುತ್ತೇನೆ. ಅಲ್ಲಿ ಏನು ನಡೆಯುತ್ತದೆ ಅಂತ ಹೇಳಿದರೆ ನಿಮಗೇ ಗೊತ್ತಾಗುತ್ತದೆ.

ನಿಮ್ಮ ಸ್ಯಾಂಪಲ್ ಬಂದ ಕೂಡಲೇ ಒಂದು ಹನಿಗಿಂತಲೂ ಕಡಿಮೆ ತೆಗೆದು, ಬ್ಯಾಕ್ಟೀರಿಯಾ ಬೆಳೆಯಲು ಆಹಾರ ಹಾಕಿಟ್ಟ ಪ್ಲೇಟ್ ಮೇಲೆ ಎಳೆದು, ಮೈ ಬಿಸಿಯಷ್ಟೇ ಬಿಸಿಯಲ್ಲಿ ಒಂದು ರಾತ್ರಿ ಇಡುತ್ತೇವೆ. ಬೆಳಿಗ್ಗೆ ಬ್ಯಾಕ್ಟೀರಿಯಾ ಚುಕ್ಕೆ ಚುಕ್ಕೆಯಾಗಿ ಬೆಳೆದಿರುತ್ತದೆ. ಆ ಚುಕ್ಕೆ ಎತ್ತಿ ಇನ್ನೊಂದು ಪ್ಲೇಟ್ ತುಂಬಾ ಸವರಿ, ಮೇಲೆ 6 ಮಿಲಿಮೀಟರ್ ಅಗಲದ ಕಾಗದದ ಬಿಲ್ಲೆಗಳನ್ನು ಇಡುತ್ತೇವೆ, ಒಂದೊಂದು ಬಿಲ್ಲೆಯಲ್ಲಿ ಒಂದೊಂದು ಔಷಧಿ. ಮತ್ತೆ ಒಂದು ರಾತ್ರಿ. ಮರುದಿನ ತೆಗೆದು ನೋಡಿದರೆ ಪ್ಲೇಟ್ ಪೂರ್ತಿ ಮಂಜು ಹಿಡಿದ ಗಾಜಿನ ಹಾಗೆ ಮಸುಕಾಗಿರುತ್ತದೆ, ಔಷಧಿ ಕೆಲಸ ಮಾಡಿದ ಕಡೆ ಮಾತ್ರ ಬಿಲ್ಲೆಯ ಸುತ್ತ ತಿಳಿಯಾದ ಒಂದು ವೃತ್ತ. ಕೆಲಸ ಮಾಡದಿದ್ದರೆ ಬಿಲ್ಲೆಯ ಅಂಚಿನವರೆಗೂ ಬೆಳೆದಿರುತ್ತದೆ. ಆ ವೃತ್ತವನ್ನು ಅಳೆದು ಎಸ್ ಅಥವಾ ಆರ್ ಅಂತ ಬರೆಯುತ್ತೇವೆ. ಎಸ್ ಅಂದರೆ ಔಷಧಿಗೆ ಬಗ್ಗುತ್ತದೆ, ಆರ್ ಅಂದರೆ ಬಗ್ಗುವುದಿಲ್ಲ.

ಇಷ್ಟಕ್ಕೇ ಎರಡು ರಾತ್ರಿ ಹೋಯಿತು ಅಲ್ವಾ? ಅಲ್ಲಿಯವರೆಗೆ ಉರಿ ತಡೆದುಕೊಂಡು ಕೂತಿರಿ ಅಂತ ಡಾಕ್ಟರ್ ಹೇಳುವುದು ಹೇಗೆ? ಮೂತ್ರದ ಇನ್‌ಫೆಕ್ಷನ್‌ನಲ್ಲಿ ಜಾಸ್ತಿ ಸಿಗುವುದು ಇ. ಕೋಲೈ ಅನ್ನುವ ಬ್ಯಾಕ್ಟೀರಿಯಾ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಔಷಧಿ ಶುರು ಮಾಡುತ್ತಾರೆ, ನಿಮ್ಮ ಬ್ಯಾಕ್ಟೀರಿಯಾ ಆ ಔಷಧಿಗೆ ಬಗ್ಗದಿದ್ದರೆ ಬದಲಾಯಿಸುತ್ತಾರೆ. ಟೆಸ್ಟ್ ಮಾಡಿಸುವುದೇ ಅದಕ್ಕೆ.

ಆದರೆ ರಿಪೋರ್ಟ್‌ನಲ್ಲಿ ಎಸ್ ಇರುವುದನ್ನೆಲ್ಲ ನೋಡಿ ನೀವೇ ಮಾತ್ರೆ ಆರಿಸಬೇಡಿ. ನೈಟ್ರೋಫ್ಯುರಾಂಟಾಯಿನ್ ಮೂತ್ರಕೋಶದ ಇನ್‌ಫೆಕ್ಷನ್‌ಗೆ ಒಳ್ಳೆಯ ಔಷಧಿ, ಕಿಡ್ನಿಗೆ ಏರಿದ ಇನ್‌ಫೆಕ್ಷನ್‌ಗೆ ಸಾಲುವುದಿಲ್ಲ, ಪ್ಲೇಟ್ ಮೇಲೆ ಎಷ್ಟೇ ಚೆನ್ನಾಗಿ ಕಂಡರೂ. ವೃತ್ತ ದೊಡ್ಡದಿದ್ದ ಮಾತ್ರಕ್ಕೆ ಔಷಧಿ ಜೋರು ಅಂತಲೂ ಅಲ್ಲ, ಎಷ್ಟು ಅಗಲವಿದ್ದರೆ ಎಸ್ ಅನ್ನುವ ಅಳತೆಯ ಗೆರೆ ಒಂದೊಂದು ಔಷಧಿಗೂ ಬೇರೆ ಬೇರೆ.

ನನಗೆ ತುಂಬಾ ಬೇಜಾರಾಗುವ ಪ್ಲೇಟ್ ಎರಡು ಥರದವು. ಒಂದು, ಏನೂ ಬೆಳೆಯದ ಪ್ಲೇಟ್. ವಿಚಾರಿಸಿದರೆ ಮನೆಯಲ್ಲಿ ಉಳಿದಿದ್ದ ಯಾವುದೋ ಮಾತ್ರೆ ಎರಡು ನುಂಗಿ ಆಮೇಲೆ ಸ್ಯಾಂಪಲ್ ಕೊಟ್ಟಿರುತ್ತಾರೆ. ಇನ್‌ಫೆಕ್ಷನ್ ಒಳಗೇ ಇರಬಹುದು, ಯಾವುದು ಅಂತ ಹೇಳೋಕೆ ನಮ್ಮ ಹತ್ತಿರ ಏನೂ ಉಳಿದಿರುವುದಿಲ್ಲ. ಇನ್ನೊಂದು, ಎಲ್ಲಾ ಬಿಲ್ಲೆಗಳ ಅಂಚಿನವರೆಗೂ ಬೆಳೆದ ಪ್ಲೇಟ್. ಸಾಲಾಗಿ ಆರ್, ಆರ್, ಆರ್ ಅಂತ ಬರೆಯುವಾಗ ಕೈಯೇ ಬರುವುದಿಲ್ಲ, ಆ ಹಾಳೆಗಾಗಿ ಯಾರೋ ಜ್ವರದಲ್ಲಿ ಕಾಯುತ್ತಿರುತ್ತಾರೆ ಅಂತ ಗೊತ್ತಿರುತ್ತದೆ.

ಹಾಗಾಗಿ ಮೊದಲನೆಯ ಸ್ಟ್ರಿಪ್‌ನಲ್ಲಿ ಉಳಿದ ಮಾತ್ರೆ ಮುಂದಿನ ಸಲಕ್ಕೆ ಅಂತ ಎತ್ತಿಡಬೇಡಿ. ಹೊಸದನ್ನು ಡಾಕ್ಟರ್ ಹೇಳಿದಷ್ಟು ದಿನ ತೆಗೆದುಕೊಳ್ಳಿ. ನಡುವೆ ಚಳಿ ಜ್ವರ, ವಾಂತಿ ಅಥವಾ ಪಕ್ಕೆಯ ಹಿಂಭಾಗದಲ್ಲಿ ನೋವು ಶುರುವಾದರೆ ಇಲ್ಲಿ ಉತ್ತರಕ್ಕೆ ಕಾಯದೆ ಅವತ್ತೇ ಹೋಗಿ ತೋರಿಸಿ.