ಓದು-ಬರಹದ ಪರೀಕ್ಷೆ ಎರಡು ತಿಂಗಳಿದೆ, ಐದನೇ ತರಗತಿ ಮಕ್ಕಳನ್ನು ಹೇಗೆ ತಯಾರು ಮಾಡಲಿ?

ಮೇಡಂ, ನೀವು ಕೇಳಿದ್ದು ಇಷ್ಟು: ಅತಿಥಿ ಶಿಕ್ಷಕಿಯಾಗಿ ಈಗಷ್ಟೇ ಸೇರಿದ್ದೀರಿ, ಐದನೇ ತರಗತಿಯ ಅರ್ಧ ಮಕ್ಕಳಿಗೆ ಒತ್ತಕ್ಷರ ಓದಲು ಬರುವುದಿಲ್ಲ, ನಾಲ್ವರಿಗೆ ಅಕ್ಷರಗಳೇ ಸರಿಯಾಗಿ ಗೊತ್ತಿಲ್ಲ. ಹಳೆಯ ಪರೀಕ್ಷೆಯ ಗದ್ಯಗಳನ್ನು ಬಾಯಿಪಾಠ ಮಾಡಿಸಬಹುದೇ? ಆ ನಾಲ್ವರು ಅಂದು ಶಾಲೆಗೆ ಬಾರದಿದ್ದರೆ ಒಳ್ಳೆಯದು ಎಂದು ಹಿರಿಯರೊಬ್ಬರು ಹೇಳಿದ್ದಾರಂತೆ, ಏನು ಮಾಡಲಿ? ನಾನು ತುಮಕೂರು ಜಿಲ್ಲೆಯ ಸರ್ಕಾರಿ ಶಾಲೆಯೊಂದರಲ್ಲಿ ಇದೇ ತರಗತಿಗಳಿಗೆ ಕನ್ನಡ ಕಲಿಸುತ್ತೇನೆ. ನಮ್ಮಲ್ಲಿ ಮನೆಯಲ್ಲಿ ತೆಲುಗು ಆಡುವವರೂ ಲಂಬಾಣಿ ಆಡುವವರೂ ಇದ್ದಾರೆ.

ಬಾಯಿಪಾಠ ಬೇಡವೇ ಬೇಡ. ಬಾಯಿಪಾಠ ಮಾಡಿದ ಮಗುವಿನ ಕಣ್ಣು ಪುಟದ ಮೇಲಿರುವುದಿಲ್ಲ. ಅನುಮಾನ ಬಂದರೆ ಗದ್ಯದ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ‘ಇದೇನು?’ ಎಂದು ಕೇಳಿ ನೋಡಿ. ಮೊದಲ ಸಾಲಿನಿಂದ ಮತ್ತೆ ಶುರು ಮಾಡಿಕೊಂಡು ಅಲ್ಲಿಗೆ ಬರುವ ಮಗು ಓದುತ್ತಿಲ್ಲ.

ಮೊದಲ ವಾರ ಪಾಠ ಪಕ್ಕಕ್ಕಿಟ್ಟು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಯಾರು ಎಲ್ಲಿ ನಿಂತಿದ್ದಾರೆ ಎಂದು ನೋಡಿ. ಇದಕ್ಕೆ ‘ಅಸರ್’ ಸಮೀಕ್ಷೆಯ ಕ್ರಮ ಸಾಕು. 2005ರಿಂದ ಹಳ್ಳಿ ಹಳ್ಳಿಗಳಲ್ಲಿ ಮನೆಗೇ ಹೋಗಿ ಮಕ್ಕಳ ಓದನ್ನು ಅಳೆಯುವ ಸಮೀಕ್ಷೆ ಅದು. ಮೊದಲು ಒಂದನೇ ತರಗತಿ ಮಟ್ಟದ ಸಣ್ಣ ಗದ್ಯ ಕೊಡುತ್ತಾರೆ. ಸರಾಗವಾಗಿ ಓದಿದರೆ ಎರಡನೇ ತರಗತಿ ಮಟ್ಟದ ಕಥೆಗೆ ಏರುತ್ತಾರೆ, ತಡವರಿಸಿದರೆ ಪದಗಳಿಗೆ, ಅದೂ ಆಗದಿದ್ದರೆ ಅಕ್ಷರಗಳಿಗೆ ಇಳಿಯುತ್ತಾರೆ. ಮಗು ತಾನೇ ಆರಿಸಿದ ಐದು ಪದಗಳಲ್ಲಿ ನಾಲ್ಕು ಸರಿಯಾದರೆ ಪದದ ಮಟ್ಟ ದಾಟಿದಂತೆ. ಗದ್ಯದಲ್ಲಿ ಮೂರು ತಪ್ಪಿನವರೆಗೆ ಸರಿ, ಆದರೆ ಪದಪದವಾಗಿ ಕತ್ತರಿಸದೆ ವಾಕ್ಯದಂತೆ ಓದಬೇಕು. ಈ ಮಟ್ಟದ ಮೇಲೆ ಗುಂಪು ಮಾಡಿ, ತರಗತಿಯ ಮೇಲಲ್ಲ. ಸರ್ಕಾರಿ ಶಾಲೆಗಳ ‘ಓದು ಕರ್ನಾಟಕ’ ಕಲಿಕಾ ಕಾರ್ಯಕ್ರಮ 4 ಮತ್ತು 5ನೇ ತರಗತಿಗಳಿಗೆ ಹೇಳಿದ್ದೂ ಇದನ್ನೇ. ಮುಖ್ಯ ಶಿಕ್ಷಕರನ್ನು ಕೇಳಿ ದಿನಕ್ಕೆ ಒಂದು ಗಂಟೆ ಎರಡೂ ತರಗತಿಗಳನ್ನು ಬೆರೆಸಿಕೊಳ್ಳಿ. ಒಪ್ಪದಿದ್ದರೆ ನಿಮ್ಮ ಕೊಠಡಿಯಲ್ಲೇ ಮೂರು ಗುಂಪು ಮಾಡಿ.

ಈಗ ಒತ್ತಕ್ಷರಕ್ಕೆ ಬರುತ್ತೇನೆ, ನಿಮ್ಮ ಹೆಚ್ಚಿನ ಮಕ್ಕಳು ಸಿಕ್ಕಿಬಿದ್ದಿರುವುದು ಅಲ್ಲೇ. ‘ರಸ್ತೆ’ ಎಂದು ಬೋರ್ಡಿನ ಮೇಲೆ ಬರೆದು ನೋಡಿ. ಎತ್ವ ಇರುವುದು ಮೇಲಿನ ಸಕಾರಕ್ಕೆ, ತಕಾರ ಕೆಳಗಿದೆ. ಕಣ್ಣಿಗೆ ಕಂಡ ಕ್ರಮದಲ್ಲೇ ಓದುವ ಮಗು ‘ರಸೆತ’ ಎನ್ನುತ್ತದೆ. ‘ಕರ್ನಾಟಕ’ದಲ್ಲಿ ರಕಾರ ಅರ್ಕಾವತ್ತಾಗಿ ನಾ ಆದ ಮೇಲೆ ಬರುತ್ತದೆ, ಮಗು ‘ಕನಾರಟಕ’ ಎನ್ನುತ್ತದೆ. ಇದು ದಡ್ಡತನವಲ್ಲ ಮೇಡಂ, ಮಗು ಕಂಡದ್ದನ್ನು ಪ್ರಾಮಾಣಿಕವಾಗಿ ಓದುತ್ತಿದೆ. ಬರೆಯುವ ಕ್ರಮ ಬೇರೆ, ನುಡಿಯುವ ಕ್ರಮ ಬೇರೆ ಎಂದು ಅದಕ್ಕೆ ಯಾರೂ ತೋರಿಸಿಕೊಟ್ಟಿಲ್ಲ, ಅಷ್ಟೇ.

ಆದ್ದರಿಂದ ಕಿವಿಯಿಂದ ಶುರು ಮಾಡಿ. ಪದವನ್ನು ಬರೆಯುವ ಮೊದಲು ಎಲ್ಲರೂ ಸೇರಿ ‘ರಸ್... ತೆ’ ಎಂದು ಬಿಡಿಸಿ ಹೇಳಲಿ, ನಾಲಿಗೆ ಎಲ್ಲಿ ತಡೆಯುತ್ತದೆ ಎಂದು ಅವರೇ ಗಮನಿಸಲಿ. ಆಮೇಲೆ ಬೋರ್ಡಿನ ಮೇಲೆ ಬರೆದು ಆ ತಡೆ ಎಲ್ಲಿದೆ ಎಂದು ತೋರಿಸಿ. ಅಕ್ಕ, ಅಜ್ಜ, ಹಳ್ಳಿ, ಬೆಕ್ಕು ಮೊದಲು. ಅದೇ ಅಕ್ಷರಕ್ಕೆ ಅದೇ ಒತ್ತು. ನಂತರ ಪುಸ್ತಕ, ಚಂದ್ರ, ರಸ್ತೆ. ಅರ್ಕಾವತ್ತು ಕೊನೆಗೆ. ತ, ನ, ಮ, ಯ, ರ, ಲ ಈ ಆರರ ಒತ್ತು ಮೂಲ ಅಕ್ಷರವನ್ನು ಹೋಲುವುದಿಲ್ಲ, ಅವನ್ನು ಬೇರೆಯಾಗಿಯೇ ಕಲಿಸಬೇಕು. ಉಳಿದವು ಬಹುಮಟ್ಟಿಗೆ ಮೂಲ ಅಕ್ಷರದ ಸಣ್ಣ ರೂಪವೇ ಆದ್ದರಿಂದ ಮಕ್ಕಳೇ ಗುರುತು ಹಿಡಿಯುತ್ತಾರೆ. ಇಡೀ ಕಾಗುಣಿತವನ್ನು ಮತ್ತೆ ಮೊದಲಿಂದ ಬರೆಸುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ. ದಯವಿಟ್ಟು ಅದರಲ್ಲಿ ಈ ಎರಡು ತಿಂಗಳನ್ನು ಕಳೆಯಬೇಡಿ.

ಬರಹದಲ್ಲಿ ಆಗುವ ಅನ್ಯಾಯ ಇನ್ನೂ ದೊಡ್ಡದು. ನನ್ನ ತರಗತಿಯ ಹುಡುಗಿಯೊಬ್ಬಳು ‘ನಮಜಿ ಮುದೆ ಮಾಡುತಾಳೆ’ ಎಂದು ಬರೆದಿದ್ದಳು. ಮೂರು ಪದ, ಮೂರಕ್ಕೂ ಕೆಂಪು ಗೆರೆ ಎಳೆಯಬಹುದು. ಆದರೆ ನಿಧಾನವಾಗಿ ನೋಡಿ: ಒಂದೇ ಒಂದು ಅಕ್ಷರ ತಪ್ಪಿಲ್ಲ, ದೀರ್ಘ ತಪ್ಪಿಲ್ಲ, ವಾಕ್ಯ ಪೂರ್ತಿಯಾಗಿದೆ. ಬಿಟ್ಟಿರುವುದು ಒತ್ತು ಮಾತ್ರ. ಅವಳಿಗೆ ಒಂದೇ ವಿಷಯ ಕಲಿಸಬೇಕಿತ್ತು, ಕಲಿತಳು. ಪಕ್ಕದ ಹುಡುಗ ಹಾಲನ್ನು ‘ಆಲು’ ಎಂದು, ಆನೆಯನ್ನು ‘ಹಾನೆ’ ಎಂದು ಬರೆಯುತ್ತಿದ್ದ. ಅವನದು ಕಿವಿಯ ತೊಡಕು, ಅದಕ್ಕೆ ಮದ್ದು ಬೇರೆ. ಇಬ್ಬರಿಗೂ ‘ಹತ್ತು ಸಲ ಬರೆ’ ಎಂದರೆ ಇಬ್ಬರಿಗೂ ಉಪಯೋಗವಿಲ್ಲ. ತಿದ್ದುವಾಗ ಒಂದು ದಿನ ಒಂದೇ ಬಗೆಯ ತಪ್ಪನ್ನು ತಿದ್ದಿ, ಉಳಿದವನ್ನು ನೋಡಿಯೂ ಬಿಟ್ಟುಬಿಡಿ.

ಚಿತ್ರ ನೋಡಿ ಐದು ವಾಕ್ಯ ಬರೆಯಿರಿ ಎಂಬ ಪ್ರಶ್ನೆಗೆ ಖಾಲಿ ಹಾಳೆ ಕೊಡುವ ಮಕ್ಕಳು ಸಾಮಾನ್ಯವಾಗಿ ಬೋರ್ಡ್ ನೋಡಿ ನಕಲು ಮಾಡಿಯೇ ಬೆಳೆದವರು. ಅವರು ಮೊದಲು ಮಾತಾಡಲಿ. ಸಂತೆ, ಜಾತ್ರೆ, ಕುರಿ ಮರಿ ಹಾಕಿದ್ದು, ಏನಾದರೂ ಸರಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ನೀವು ಬೋರ್ಡಿನ ಮೇಲೆ ಬರೆಯಿರಿ, ಅವರೇ ಓದಲಿ, ಅಳಿಸಿ, ಆಮೇಲೆ ಅವರು ಬರೆಯಲಿ. ‘ಬತ್ತಾನೆ’ ಎಂದು ಬರೆದರೆ ಅಂದೇ ‘ಬರುತ್ತಾನೆ’ ಮಾಡಿಸುವ ಆತುರ ಬೇಡ. ಮನೆಯಲ್ಲಿ ಕನ್ನಡ ಆಡದ ಮಕ್ಕಳಿಗೆ ಈ ಮಾತಿನ ಹೊತ್ತು ದುಪ್ಪಟ್ಟು ಬೇಕು.

ಗದ್ಯ ಓದಿ ಉತ್ತರಿಸುವುದರಲ್ಲಿ ಯಾರು, ಏನು, ಎಲ್ಲಿ ಎಂಬುದಕ್ಕೆ ಸಾಲು ಹುಡುಕಿದರೆ ಸಿಗುತ್ತದೆ. ‘ಏಕೆ’ ಎಂಬುದಕ್ಕೆ ಎರಡು ಸಾಲು ಕೂಡಿಸಿ ಯೋಚಿಸಬೇಕು. ದಿನಕ್ಕೊಂದು ‘ಏಕೆ’ ಕೇಳಿ.

ಪುಟ್ಟ ಮಕ್ಕಳ ಓದು-ಲೆಕ್ಕಕ್ಕಾಗಿ ಇರುವ ಕೇಂದ್ರ ಸರ್ಕಾರದ ‘ನಿಪುಣ್ ಭಾರತ್’ ಕಾರ್ಯಕ್ರಮದ ಗುರಿಯಲ್ಲಿ ಮೂರನೇ ತರಗತಿ ಮುಗಿಯುವಾಗ ನಿಮಿಷಕ್ಕೆ 60 ಪದ ಎಂದಿರುವುದನ್ನು ನೋಡಿ ಗಡಿಯಾರ ಹಿಡಿದು ನಿಲ್ಲಬೇಡಿ. ಕನ್ನಡದ ಪದ ಉದ್ದ. ‘ಮನೆಯವರೊಂದಿಗೆ’ ಎಂಬುದು ಒಂದೇ ಪದ. ತಿಳಿದು ಓದಲಿ, ವೇಗ ತಾನೇ ಬರುತ್ತದೆ.

ಇನ್ನೊಂದು: ಕೆಲವರು ನಿಮ್ಮ ಮುಂದೆ ಚೆನ್ನಾಗಿ ಓದಿ ಹೊಸಬರ ಮುಂದೆ ಬಾಯಿ ಬಿಡುವುದಿಲ್ಲ. ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದಾಗ, ಬಿಸಿಯೂಟದ ಅಡುಗೆಯವರ ಎದುರು, ಬೇರೆ ತರಗತಿಯಲ್ಲಿ, ಎಲ್ಲೆಲ್ಲಿ ಆಗುತ್ತದೋ ಅಲ್ಲೆಲ್ಲ ಓದಿಸಿ. ಬೆರಳಿಟ್ಟು ಓದಿದರೆ ತಡೆಯಬೇಡಿ.

ಆ ನಾಲ್ವರ ವಿಷಯ. ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ) ತಂಡದವರು ಶಾಲೆಗೆ ಬಂದಾಗ ಇವರನ್ನು ಹೆಸರು ಹಿಡಿದು ತೋರಿಸಿ. ಬೋರ್ಡ್ ಬಿಟ್ಟು ಪಕ್ಕದವನ ಪುಸ್ತಕ ನೋಡಿ ಬರೆಯುವ ಮಗುವಿಗೆ ಎಷ್ಟೋ ಸಲ ಬೋರ್ಡೇ ಕಾಣುತ್ತಿರುವುದಿಲ್ಲ. ಎರಡು ತಿಂಗಳಲ್ಲಿ ಅವರು ಕಥೆ ಓದಲಾರರು, ಆದರೆ ದಿನಾ ಅರ್ಧ ಗಂಟೆ ಹತ್ತಿರ ಕೂರಿಸಿಕೊಂಡರೆ ‘ಮರ’, ‘ಬಸವ’ದಂಥ ಸರಳ ಪದಗಳಿಗೆ ಬರಬಹುದು. ಪರೀಕ್ಷೆಯ ದಿನ ಅವರು ಶಾಲೆಯಲ್ಲೇ ಇರಲಿ. ರಜೆ ಹಾಕಿಸಿದರೆ ಲೆಕ್ಕ ಚೆನ್ನಾಗಿ ಕಾಣಬಹುದು, ಆದರೆ ಆರನೇ ತರಗತಿಯ ಶಿಕ್ಷಕರಿಗೆ ಈ ಮಕ್ಕಳು ಎಲ್ಲಿದ್ದಾರೆಂದೇ ತಿಳಿಯುವುದಿಲ್ಲ, ಹೆಚ್ಚಿನ ಸಹಾಯ ಕೇಳಲು ದಾಖಲೆಯೂ ಇರುವುದಿಲ್ಲ. ಸೇರುವಾಗ ಅಕ್ಷರ ಮಟ್ಟ, ಈಗ ಪದ ಮಟ್ಟ ಎಂದು ದಿನಾಂಕ ಹಾಕಿ ಬರೆದಿಡಿ, ಒಂದು ಪ್ರತಿಯನ್ನು ಮುಖ್ಯ ಶಿಕ್ಷಕರಿಗೆ ಕೊಡಿ. ಯಾವ ಒತ್ತು, ಯಾವ ಅಕ್ಷರಗಳಲ್ಲಿ ಸಿಕ್ಕಿಕೊಳ್ಳುತ್ತಾರೆ ಎಂಬ ಪಟ್ಟಿ ನಿಮ್ಮಲ್ಲಿದ್ದರೆ ಇಲ್ಲೇ ಹಾಕಿ, ಯಾವುದನ್ನು ಮೊದಲು ಹಿಡಿಯಬಹುದು ಎಂದು ಹೇಳುತ್ತೇನೆ.