ಕಲ್ಲಿನ ಮೇಲ್ಗಾಲುವೆಗೆ ಸಿಮೆಂಟ್ ಮೆತ್ತಬಹುದೇ?

ಪ್ರಶ್ನೆ: ಸುಮಾರು ಇನ್ನೂರು ವರ್ಷ ಹಳೆಯ ಮೇಲ್ಗಾಲುವೆಯೊಂದರ, ಅಂದರೆ ಕಮಾನುಗಳ ಮೇಲೆ ಸಾಗುವ ಕಾಲುವೆಯೊಂದರ, ದುರಸ್ತಿ ಸಮಿತಿಯಲ್ಲಿದ್ದೇನೆ. ಕಮಾನುಗಳ ಸಂದುಗಳಲ್ಲಿ ನೀರು ಜಿನುಗುತ್ತಿದೆ, ಗಿಡಗಳೂ ಬೇರು ಬಿಟ್ಟಿವೆ. ಗಿಡ ಕಿತ್ತು, ಸಂದುಗಳಿಗೆ ಸಿಮೆಂಟ್ ತುಂಬಿಬಿಡೋಣ ಎನ್ನುವುದು ಉಳಿದವರ ವಾದ. ನನಗೇಕೋ ಅಳುಕು. ಏನು ಮಾಡಲಿ?

ಉತ್ತರ: ಅಳುಕು ಸರಿಯಾಗಿಯೇ ಇದೆ. ನಾನೂ ಎಳೆಯ ವಯಸ್ಸಿನಲ್ಲಿ ಒಂದು ಕಮಾನಿಗೆ ಸಿಮೆಂಟ್ ಮೆತ್ತಿ ಬೀಗಿದವನೇ. ಕೆಲವು ವರ್ಷ ಬಿಟ್ಟು ಹೋಗಿ ನೋಡಿದರೆ ಸಿಮೆಂಟಿನ ಗೆರೆಗಳು ಬಡಕಲು ದನದ ಪಕ್ಕೆಲುಬಿನಂತೆ ಎದ್ದು ನಿಂತಿದ್ದವು. ನಡುವಿನ ಮರಳುಗಲ್ಲು ಹಕ್ಕಳೆಯೆದ್ದು ಒಳಸರಿದಿತ್ತು. ಬೆರಳಿನಿಂದ ಕೆರೆದರೆ ಪುಡಿ ಅಂಗೈಗೆ ಉದುರಿತು. ಗೋಡೆಯೊಳಗಿನ ತೇವ ಹೊರಬರುವುದು ಸಂದಿನ ಸುಣ್ಣದ ಗಾರೆಯ ಮೂಲಕ. ಆ ದಾರಿ ಮುಚ್ಚಿದರೆ ಅದು ಕಲ್ಲಿನ ಮೈಯಿಂದಲೇ ಹೊರಡುತ್ತದೆ, ಲವಣವನ್ನೂ ಅಲ್ಲೇ ಬಿಡುತ್ತದೆ. ಗಾರೆ ಕಲ್ಲಿಗಿಂತ ಮೆತ್ತಗಿರಬೇಕು. ಸವೆಯುವುದಾದರೆ ಅದೇ ಸವೆಯಲಿ.

ನೀರಿನಲ್ಲಿ ಸುಣ್ಣ ಬಿಗಿಯುತ್ತದೆಯೇ ಎಂದು ಸಮಿತಿಯವರು ಕೇಳಿಯೇ ಕೇಳುತ್ತಾರೆ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ಬಳಿ ಲೂನ್ ನದಿಯ ಮೇಲೆ ಜಾನ್ ರೆನ್ನಿ ವಿನ್ಯಾಸಗೊಳಿಸಿದ ಐದು ಕಮಾನಿನ ಮೇಲ್ಗಾಲುವೆ 1797ರದು. ನೀರೊಳಗೂ ಬಿಗಿಯಲೆಂದು ಅದರ ಗಾರೆಗೆ ಇಟಲಿಯ ಜ್ವಾಲಾಮುಖಿ ಬೂದಿ ತರಿಸಿ ಬೆರೆಸಿದ್ದರು. ತೇವದಲ್ಲೇ ಬಿಗಿಯುವ ಸುಣ್ಣ ಈಗಲೂ ಸಿಗುತ್ತದೆ. ನಿಮ್ಮ ಹಳೆಯ ಗಾರೆಯ ತುಣುಕನ್ನು ಪರೀಕ್ಷೆಗೆ ಕಳಿಸಿ, ಅದಕ್ಕೆ ಹೊಂದುವುದನ್ನು ಆರಿಸಿ.

ಜಿನುಗುವ ಜಾಗವನ್ನು ಕೆಳಗಿನಿಂದ ಮುಚ್ಚುವುದು ವ್ಯರ್ಥ. ಕಮಾನಿನ ಅಡಿಯಲ್ಲಿ ಬಿಳಿಯ ಎಳೆಗಳು ಜೋತಿದ್ದರೆ ಒಳಗಿನ ಸುಣ್ಣ ಕರಗಿ ಬರುತ್ತಿದೆ ಎಂದರ್ಥ. ಕಾಲುವೆಯ ತಳಕ್ಕೆ ತುಳಿದು ಕೂರಿಸಿದ ಜೇಡಿಮಣ್ಣಿನ ಹಾಸಿರುತ್ತದಲ್ಲ, ಮೊದಲು ಅದನ್ನು ನೋಡಿ. ನೀರು ಇಳಿಯುವುದು ಒಂದು ಕಡೆ, ತೊಟ್ಟಿಕ್ಕುವುದು ಇನ್ನೊಂದು ಕಡೆ. ಕಾಲುವೆಯನ್ನು ಬಹಳ ದಿನ ಒಣಗಲು ಬಿಡಬೇಡಿ, ಜೇಡಿ ಬಿರಿಯುತ್ತದೆ. ಗಿಡಗಳನ್ನು ಎಳೆದರೆ ಬೇರಿನೊಂದಿಗೆ ಕಲ್ಲೂ ಬರುತ್ತದೆ. ಬುಡದಲ್ಲಿ ಕತ್ತರಿಸಿ, ಬೇರು ಸತ್ತ ಮೇಲೆ ಸಂದು ಬಿಚ್ಚಿ.

ಕಮಾನು ಸಡಿಲವಾಗಿದ್ದರೆ ಆಸರೆ ಕೊಡಿ, ಆದರೆ ತೆಗೆಯಬಹುದಾದ ಆಸರೆ. ಅಮೆರಿಕದ ಮೇರಿಲ್ಯಾಂಡಿನಲ್ಲಿ 1833ರಲ್ಲಿ ಮುಗಿದ ಏಳು ಕಮಾನಿನ ಮೊನೊಕಸಿ ಮೇಲ್ಗಾಲುವೆಗೆ 1972ರ ಆಗ್ನೆಸ್ ಚಂಡಮಾರುತದ ನೆರೆ ಬಡಿದ ಮೇಲೆ ಉಕ್ಕಿನ ಕಟ್ಟು ಬಿಗಿದರು. ನೋಡಲು ಕುರೂಪವೇ. ಆದರೆ 2005ರ ಹೊತ್ತಿಗೆ ದುರಸ್ತಿ ಮುಗಿದಾಗ ಕಳಚಿ ತೆಗೆಯಲು ಬಂತು. ನನ್ನ ಸಿಮೆಂಟನ್ನು ಕಳಚಲು ನಾನೂ ಉಳಿ ಹಿಡಿದು ಕುಳಿತಿದ್ದೆ; ಪ್ರತಿ ಏಟಿಗೂ ಕಲ್ಲಿನ ಅಂಚು ಎದ್ದು ಬರುತ್ತಿತ್ತು.